ಕಡಲತೀರದ ಛಾಯಾಗ್ರಹಣ

ಸಮುದ್ರವನ್ನು ದಿನವೂ ನೋಡುವವರು ಅದರ ಚಿತ್ರವನ್ನು ತೆಗೆಯುವ ಗೋಜಿಗೆ ಹೋಗುವುದು ಕಡಮೆ. ಮಲ್ಪೆಯ ಮೀನುಗಾರನಿಗೆ ಅದು ಹೊಲ. ತನ್ನ ಹೊಲದ ಚಿತ್ರವನ್ನು ಗೋಡೆಗೆ ತೂಗುಹಾಕುವ ರೈತನನ್ನು ನಾವು ಕಂಡಿದ್ದೇವೆಯೆ? ಕ್ಯಾಮರಾವನ್ನು ಹೆಗಲಿಗೇರಿಸಿಕೊಂಡು ತೀರಕ್ಕೆ ಧಾವಿಸುವವರು ಬಹುಮಟ್ಟಿಗೆ ನಮ್ಮಂತಹ ಬಯಲುಸೀಮೆಯವರು. ರಾಜಾನುಕುಂಟೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ನೀರೆಂದರೆ ಕೆರೆಯ ನೀರು, ಕುಂಟೆಯ ನೀರು. ಅದಕ್ಕೊಂದು ಏರಿಯುಂಟು, ಆಚೆಯ ದಡವುಂಟು. ಯಶವಂತಪುರದಲ್ಲಿ ರೈಲು ಹತ್ತಿ, ಸಕಲೇಶಪುರದಾಚೆ ಘಟ್ಟವಿಳಿದು, ಆಚೆಯ ದಡವಿಲ್ಲದ ನೀರನ್ನು ಮೊದಲ ಬಾರಿಗೆ ಕಂಡವನು ಒಂದು ಗಂಟೆಯೊಳಗೆ ನೂರು ಚಿತ್ರಗಳನ್ನು ತೆಗೆದುಬಿಡುತ್ತಾನೆ. ಮನೆಗೆ ಬಂದು ನೋಡಿದರೆ ಮೇಲೊಂದು ಬಿಳಿಯ ಪಟ್ಟೆ, ನಡುವೆ ಒಂದು ಬೂದು ಪಟ್ಟೆ, ಕೆಳಗೊಂದು ಕಂದು ಪಟ್ಟೆ. ಕಂಡ ಕಡಲು ಎಲ್ಲಿ ಹೋಯಿತೆಂದು ಆತನು ಕೇಳುವುದು ನ್ಯಾಯವಾದ ಪ್ರಶ್ನೆಯೇ ಸರಿ.

ಅದು ಹೋದುದಕ್ಕೆ ಮೊದಲ ಕಾರಣ ಬೆಳಕಿನ ಅಂತರ. ನಮ್ಮ ಕಣ್ಣು ಹೊಳೆಯುವ ಆಕಾಶವನ್ನೂ ನೆರಳಿನಲ್ಲಿರುವ ಬಂಡೆಯನ್ನೂ ಒಂದಾದಮೇಲೊಂದರಂತೆ ನೋಡಿ, ತಾನೇ ಹೊಂದಿಕೊಂಡು, ಎರಡನ್ನೂ ಸೇರಿಸಿ ಒಂದು ದೃಶ್ಯವನ್ನಾಗಿ ಮನಸ್ಸಿಗೆ ಒಪ್ಪಿಸುತ್ತದೆ. ಕ್ಯಾಮರಾ ಎರಡಕ್ಕೂ ಒಂದೇ ಅಳತೆಯ ಬೆಳಕನ್ನು ಕೊಡುತ್ತದೆ. ಆಕಾಶ ಸರಿಯಾದರೆ ಬಂಡೆ ಮಸಿಯಾಗುತ್ತದೆ. ಬಂಡೆ ಸರಿಯಾದರೆ ಆಕಾಶ ಸುಣ್ಣ ಬಳಿದ ಗೋಡೆಯಾಗುತ್ತದೆ. ಈ ತೊಡಕು ಹೊಸದೇನಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬ ಛಾಯಾಗ್ರಾಹಕನು 1856 ಮತ್ತು 1857ರಲ್ಲಿ ಸಮುದ್ರದ ಚಿತ್ರಗಳನ್ನು ತೆಗೆದಾಗ ಅವನ ಕೈಯಲ್ಲಿದ್ದುದು ಕೊಲೋಡಿಯನ್ ಲೇಪಿಸಿದ ಗಾಜಿನ ಫಲಕಗಳು. ಈ ಫಲಕಗಳು ನೀಲಿ ಬಣ್ಣಕ್ಕೆ ಬೇಗ ಓಗೊಡುತ್ತಿದ್ದುವು. ಮಿಕ್ಕ ಬಣ್ಣಗಳಿಗೆ ಬಹುಮಟ್ಟಿಗೆ ಕುರುಡು. ಆದುದರಿಂದ ನೀಲಿಯ ಆಕಾಶವು ಅವುಗಳ ಮೇಲೆ ಬರಿಯ ಬಿಳುಪಾಗಿ ಮೂಡುತ್ತಿತ್ತು. ಲ ಗ್ರೇ ಏನು ಮಾಡಿದನೆಂದರೆ, ಕಡಲಿಗೊಂದು ಫಲಕ, ಮುಗಿಲಿಗೊಂದು ಫಲಕ ತೆಗೆದು, ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದದ ಮೇಲೆ ಮುದ್ರಿಸಿದನು. ಸೆಟ್ ಎಂಬ ಊರಿನ ಬಳಿ ಅವನು ತೆಗೆದ ದೊಡ್ಡ ತೆರೆಯ ಚಿತ್ರವನ್ನು ಕಂಡ ಜನ ಬೆರಗಾದರು. ಇಂದು ನಮ್ಮ ಜೇಬಿನಲ್ಲಿರುವ ಮೊಬೈಲು ಅದೇ ಕೆಲಸವನ್ನು ಮಾಡುತ್ತದೆ. ಗುಂಡಿಯನ್ನೊತ್ತಿದ ಒಂದು ಕ್ಷಣದಲ್ಲಿ ಹಲವು ಚಿತ್ರಗಳನ್ನು ತೆಗೆದು, ಒಂದರಿಂದ ಆಕಾಶವನ್ನೂ ಇನ್ನೊಂದರಿಂದ ನೆಲವನ್ನೂ ಆರಿಸಿ ಹೆಣೆದುಕೊಡುತ್ತದೆ. ಹಾಗೆ ಹೆಣೆಯುವುದು ಮೋಸವಲ್ಲವೆ ಎಂದು ಕೆಲವರು ಆಕ್ಷೇಪಿಸುವುದುಂಟು. ಕಣ್ಣು ಮಾಡುವುದನ್ನೇ ಯಂತ್ರವೂ ಮಾಡಿದರೆ ಅದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಆದರೆ ಬೇರೆ ದಿನದ ಮುಗಿಲನ್ನು ತಂದು ಈ ದಿನದ ಕಡಲಿನ ಮೇಲೆ ಹೊದಿಸುವುದು ಬೇರೆಯ ಮಾತು.

ಮರಳಿನ ವಿಷಯದಲ್ಲಿಯೂ ಇಂಥದೇ ಒಂದು ತೊಡಕುಂಟು. ಕ್ಯಾಮರಾದೊಳಗಿನ ಬೆಳಕಿನ ಮಾಪಕವು ತಾನು ಕಂಡುದೆಲ್ಲವೂ ಸರಾಸರಿಯಲ್ಲಿ ಬೂದುಬಣ್ಣದ್ದೆಂದು ನಂಬಿರುತ್ತದೆ. ಬಿಳಿಯ ಮರಳನ್ನು ತೋರಿಸಿದರೆ ಬೆಳಕು ಹೆಚ್ಚಾಯಿತೆಂದು ಕಡಮೆ ಮಾಡಿ ಅದನ್ನು ಮಾಸಲು ಮಾಡುತ್ತದೆ. ಕರಿಯ ಮರಳನ್ನು ತೋರಿಸಿದರೆ ಬೆಳಕು ಸಾಲದೆಂದು ಹೆಚ್ಚಿಸಿ ಅದನ್ನು ಬೂದಿಯಂತೆ ಮಾಡುತ್ತದೆ. ಕಾರವಾರದ ಉತ್ತರಕ್ಕೆ ಮಾಜಾಳಿಯ ಬಳಿ ತಿಳ್ಮಾತಿ ಎಂಬ ಪುಟ್ಟ ತೀರವಿದೆ. ಅಲ್ಲಿನ ಮರಳು ಕರಿಯ ಎಳ್ಳಿನಂತಿರುವುದರಿಂದಲೇ ಅದಕ್ಕೆ ಆ ಕೊಂಕಣಿ ಹೆಸರು. ಅಲ್ಲಿ ಕ್ಯಾಮರಾದ ಮಾತನ್ನು ಕೇಳಿದರೆ ಎಳ್ಳು ರಾಗಿಹಿಟ್ಟಾಗುತ್ತದೆ. ಬೆಳಕನ್ನು ನಾವೇ ಒಂದು ಮೆಟ್ಟಿಲು ಇಳಿಸಬೇಕು. ಮಧ್ಯಾಹ್ನದ ಬಿಳಿಯ ಮರಳಿನಲ್ಲಿ ಒಂದು ಮೆಟ್ಟಿಲು ಏರಿಸಬೇಕು.

ಇನ್ನು ಹೊತ್ತಿನ ಮಾತು. ಪಶ್ಚಿಮ ಕರಾವಳಿಯಲ್ಲಿ ಸೂರ್ಯನು ನೀರಿನಲ್ಲಿ ಮುಳುಗುತ್ತಾನೆಂಬುದು ಎಲ್ಲರಿಗೂ ಗೊತ್ತು. ಆದರೆ ವರ್ಷವೆಲ್ಲ ಒಂದೇ ಸ್ಥಳದಲ್ಲಿ ಮುಳುಗುವುದಿಲ್ಲವೆಂಬುದನ್ನು ಗಮನಿಸುವವರು ಕಡಮೆ. ಭೂಪಟವನ್ನು ತೆರೆದು ನೋಡಿದರೆ ಮಂಗಳೂರಿನಿಂದ ಕಾರವಾರದವರೆಗೆ ನಮ್ಮ ತೀರವು ನೇರವಾಗಿ ಉತ್ತರಕ್ಕೆ ಹೋಗದೆ ಸುಮಾರು ಇಪ್ಪತ್ತು ಡಿಗ್ರಿಯಷ್ಟು ಪಶ್ಚಿಮಕ್ಕೆ ವಾಲಿರುವುದು ಕಾಣುತ್ತದೆ. ಡಿಸೆಂಬರಿನಲ್ಲಿ ಸೂರ್ಯನು ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುವುದರಿಂದ ತೀರದಲ್ಲಿ ನಿಂತವನಿಗೆ ಅವನು ಹೆಚ್ಚು ಕಡಮೆ ಎದುರಿಗೇ ಇರುತ್ತಾನೆ. ನೀರಿನ ಮೇಲೆ ಹೊನ್ನಿನ ದಾರಿಯೇನೋ ಮೂಡುತ್ತದೆ; ಆದರೆ ಬಂಡೆ, ದೋಣಿ, ಮನುಷ್ಯ, ಎಲ್ಲವೂ ಕಪ್ಪು ಗೊಂಬೆಗಳಾಗುತ್ತವೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅವನು ಬಲಗಡೆಗೆ, ವಾಯವ್ಯದತ್ತ, ಸರಿದಿರುತ್ತಾನೆ. ಆಗ ಇಳಿಬಿಸಿಲು ತೀರದ ಉದ್ದಕ್ಕೂ ಓರೆಯಾಗಿ ಹರಿಯುತ್ತದೆ. ಮರಳಿನ ಮೇಲೆ ಗಾಳಿ ಬರೆದ ಒಂದೊಂದು ಗೆರೆಯೂ ನೆರಳು ಪಡೆದು ಎದ್ದು ನಿಲ್ಲುತ್ತದೆ. ಸೆಕೆಯನ್ನು ಸಹಿಸಬಲ್ಲವರಿಗೆ ಆ ಕಾಲವೇ ಮೇಲು.

ಸಮಯವೂ ಬಹಳ ಇರುವುದಿಲ್ಲ. ಸೂರ್ಯಬಿಂಬದ ಕೆಳಯಂಚು ನೀರನ್ನು ಮುಟ್ಟಿದುದು ಮೊದಲು ಮೇಲಂಚು ಮರೆಯಾಗುವವರೆಗೆ ನಮ್ಮ ಅಕ್ಷಾಂಶದಲ್ಲಿ ಎರಡು ನಿಮಿಷಕ್ಕೆ ತುಸು ಮೇಲೆ. ಆ ಬಳಿಕ ಕೆಲಸಕ್ಕೆ ಬರುವಂತಹ ಸಂಜೆಬೆಳಕು ಇಪ್ಪತ್ತಮೂರು ಇಪ್ಪತ್ತನಾಲ್ಕು ನಿಮಿಷ ಉಳಿಯುತ್ತದೆ. ನಾರ್ವೆಯ ಲೊಫೋಟೆನ್ ದ್ವೀಪಗಳು 68ನೆಯ ಅಕ್ಷಾಂಶದಲ್ಲಿವೆ. ಅಲ್ಲಿ ಸೂರ್ಯನು ದಿಗಂತವನ್ನು ಸವರಿಕೊಂಡೇ ಹೋಗುವುದರಿಂದ ಕೆಂಬೆಳಕು ಗಂಟೆಗಟ್ಟಲೆ ನಿಲ್ಲುತ್ತದೆ. ಅಲ್ಲಿಯವರು ನಿಧಾನವಾಗಿ ಚಹ ಕುಡಿದು ಚಿತ್ರ ತೆಗೆಯಬಹುದು. ನಮ್ಮಲ್ಲಿ ಸೂರ್ಯ ಇಳಿದ ಕೂಡಲೇ ಜನ ಸೀರೆ ಪಂಚೆ ಕೊಡವಿಕೊಂಡು ಹೊರಟುಬಿಡುತ್ತಾರೆ, ಆಕಾಶದ ಒಳ್ಳೆಯ ಬಣ್ಣಗಳು ತೆರೆಯುವುದು ಅದಾದ ಹತ್ತು ನಿಮಿಷದ ಮೇಲೆ.

ನನ್ನ ಒಲವು ಕೇಳಿದರೆ, ಸಂಜೆಗಿಂತ ಬೆಳಗ್ಗೆಯೇ ಮೇಲೆಂದು ಹೇಳುತ್ತೇನೆ. ಸೂರ್ಯಾಸ್ತಕ್ಕೆ ಸಾವಿರ ಮಂದಿ ನೆರೆಯುವ ಮಲ್ಪೆಯ ತೀರದಲ್ಲಿ ಬೆಳಗಿನ ಏಳು ಗಂಟೆಗೆ ಕೆಲಸವಿದ್ದವರು ಮಾತ್ರ ಇರುತ್ತಾರೆ. ಬಿಸಿಲು ತೆಂಗಿನ ತೋಪಿನ ಮೇಲಿಂದ ಹಾಯ್ದು ತೆರೆಯ ಎದೆಗೆ ನೇರವಾಗಿ ಬೀಳುತ್ತದೆ. ಒಡೆಯುವ ತೆರೆಯ ಒಳಗೋಡೆಯ ಹಸಿರು ಆಗ ಕಾಣುವಂತೆ ಮತ್ತಾವಾಗಲೂ ಕಾಣದು. ಕೈರಂಪಣಿಯನ್ನು ಎಳೆಯುವವರು ಎರಡು ಸಾಲಾಗಿ ನಿಂತು, ಹಗ್ಗವನ್ನು ಸೊಂಟಕ್ಕಾನಿಸಿ ಹಿಂದು ಹಿಂದಕ್ಕೆ ಹೆಜ್ಜೆಯಿಡುವ ದೃಶ್ಯವೂ ಆಗ ದೊರೆಯಬಹುದು. ಇಲ್ಲಿ ಒಂದು ಮಾತು. ಅವರು ನಮ್ಮ ಚಿತ್ರಕ್ಕಾಗಿ ಅಲ್ಲಿಗೆ ಬಂದವರಲ್ಲ. ಬಲೆ ದಡಕ್ಕೆ ಬರುವ ಗಳಿಗೆಯಲ್ಲಿ ಅವರ ನಡುವೆ ನುಗ್ಗಿ ಮಸೂರವನ್ನು ಮುಖಕ್ಕೆ ಹಿಡಿಯುವ ಪೇಟೆಯವರನ್ನು ಅವರು ಬೈಯದಿರುವುದು ಅವರ ದೊಡ್ಡತನ. ಕೇಳಿ ತೆಗೆಯುವುದು, ತೆಗೆದ ಚಿತ್ರವನ್ನು ತೋರಿಸುವುದು, ಬೇಡವೆಂದರೆ ಸುಮ್ಮನಾಗುವುದು, ಇಷ್ಟು ಸಾಕು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದೋಣಿಗಳು ಕಡಲಿಗಿಳಿಯುವುದು ನಿಷಿದ್ಧ. ಆಗ ಮಲ್ಪೆಯ ಬಂದರಿನಲ್ಲಿ ಅವು ಒತ್ತೊತ್ತಾಗಿ ನಿಂತು, ಮಳೆಯಲ್ಲಿ ತೊಯ್ದ ಬಣ್ಣಗಳ ಒಂದು ಊರೇ ಆಗಿರುತ್ತವೆ. ಕಾರವಾರದ ಬಳಿ ನೌಕಾನೆಲೆಯಿರುವುದರಿಂದ ಅಲ್ಲಿ ಕ್ಯಾಮರಾವನ್ನು ಎತ್ತಬಾರದ ಎಡೆಗಳುಂಟು, ಡ್ರೋನಿನ ಮಾತಂತೂ ಕೇಳಲೇಬೇಕಾಗಿಲ್ಲ.

ಹೊತ್ತಿನಷ್ಟೇ ಮುಖ್ಯವಾದುದು ಉಬ್ಬರವಿಳಿತ. ಕರಾವಳಿಯವರು ಉಬ್ಬರವನ್ನು ಭರತವೆನ್ನುತ್ತಾರೆ. ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ. ಪ್ರತಿದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಈ ಏರಿಳಿತ 16 ಮೀಟರುಗಳನ್ನು ಮುಟ್ಟುವುದುಂಟು. ಮಂಗಳೂರಿನಲ್ಲಿ ಒಂದೂವರೆ ಮೀಟರಿನ ಆಸುಪಾಸು. ಇಷ್ಟೇ ತಾನೆ ಎಂದು ತಳ್ಳಿಹಾಕುವಂತಿಲ್ಲ. ಇಳಿಜಾರು ಕಡಮೆಯಿರುವ ತೀರದಲ್ಲಿ ಒಂದೂವರೆ ಮೀಟರು ನೀರು ಇಳಿದರೆ ಹತ್ತಾರು ಮಾರು ಅಗಲದ ಒದ್ದೆ ಮರಳು ತೆರೆದುಕೊಳ್ಳುತ್ತದೆ. ಆ ಒದ್ದೆ ಮರಳೇ ಕನ್ನಡಿ. ನಮ್ಮ ಮನೆಗಳಲ್ಲಿರುವ ಪಂಚಾಂಗವು ಇಲ್ಲಿ ಒಳ್ಳೆಯ ಸಹಾಯಕ. ಅಮಾವಾಸ್ಯೆ ಹುಣ್ಣಿಮೆಗಳಂದು ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಮೆ. ಸುಮಾರಾಗಿ ಹೇಳುವುದಾದರೆ, ಹುಣ್ಣಿಮೆ ಅಮಾವಾಸ್ಯೆಗಳಂದು ನಮ್ಮ ತೀರದಲ್ಲಿ ನಡುಹಗಲಿನ ಆಸುಪಾಸಿನಲ್ಲಿ ಭರತವೇರಿ, ಸಂಜೆಯ ಹೊತ್ತಿಗೆ ನೀರು ಇಳಿದಿರುತ್ತದೆ. ಹುಣ್ಣಿಮೆಯ ಸಂಜೆ ಮರಳಿನ ಕನ್ನಡಿಯೂ ಅಗಲವಾಗಿರುತ್ತದೆ. ಪಶ್ಚಿಮದಲ್ಲಿ ಕೆಂಪು ಆರುವಾಗ ಬೆನ್ನ ಹಿಂದೆ ತೆಂಗಿನ ತಲೆಗಳ ಮೇಲೆ ಚಂದ್ರನೂ ಎದ್ದಿರುತ್ತಾನೆ. ತಿರುಗಿ ನೋಡುವವರು ಮಾತ್ರ ಅಪರೂಪ.

ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರಿ ದ್ವೀಪಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು; ಪ್ರಪಂಚದ ಹೆಸರಾಂತ ತೀರಗಳ ಸಾಲಿನಲ್ಲಿ ಕೂರಿಸಬಹುದಾದ ಶಿಲೆ ನಮ್ಮಲ್ಲಿ ಅಲ್ಲಿದೆ. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ, ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪ, ಐಸ್‌ಲೆಂಡಿನ ರೇನಿಸ್‌ಫ್ಯಾರಾ, ಇವುಗಳಲ್ಲಿರುವಂತೆ ಇಲ್ಲಿಯೂ ಕಲ್ಲು ಕಂಬಕಂಬವಾಗಿ, ಐದಾರು ಮುಖಗಳಾಗಿ, ಕಟ್ಟಿಗೆಯ ಹೊರೆಯನ್ನು ನಿಲ್ಲಿಸಿದಂತೆ ನಿಂತಿದೆ. ಆ ಮೂರು ಕಡೆಯ ಕಲ್ಲು ಬಸಾಲ್ಟು. ನಮ್ಮದು ಸಿಲಿಕಾ ಅಂಶ ಹೆಚ್ಚಾಗಿರುವ ಬೇರೆ ಜಾತಿಯ ಅಗ್ನಿಶಿಲೆ. ಭರತಖಂಡವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ಬೇರೆಯಾದ ಕಾಲದಲ್ಲಿ, ಅಂದರೆ ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಹೊರಬಿದ್ದ ಲಾವಾ ಅದು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಕಂಬಗಳಾದುದು ಹೇಗೆಂಬುದನ್ನು ತಿಳಿಯಲು ರಾಜಾನುಕುಂಟೆಯವರು ದೂರ ಹೋಗಬೇಕಾಗಿಲ್ಲ. ಬೇಸಗೆಯಲ್ಲಿ ಬತ್ತಿದ ಕುಂಟೆಯ ಅಂಗಳಕ್ಕೆ ಇಳಿದು ನೋಡಿದರೆ ಸಾಕು. ನೀರಾರಿದ ಕೆಸರು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ, ಬಿರುಕುಗಳು ಕೂಡಿ ಐದಾರು ಮೂಲೆಯ ಹಲ್ಲೆಗಳಾಗುತ್ತವೆ. ಲಾವಾದಲ್ಲಿ ಆರಿದುದು ನೀರಿನ ಬದಲು ಶಾಖ. ಮೇಲ್ಮೈ ತಣಿದು ಬಿರಿದ ಮೇಲೆ ತಣಿವು ಒಳಗಿಳಿದಂತೆಲ್ಲ ಬಿರುಕೂ ಒಳಗಿಳಿದು, ಹಲ್ಲೆಯಿದ್ದುದು ಕಂಬವಾಯಿತು.

ಈ ಕಂಬಗಳನ್ನು ನಡುಹಗಲಿನಲ್ಲಿ ತೆಗೆದ ಚಿತ್ರಗಳೇ ಹೆಚ್ಚು, ದೋಣಿಯವರು ಜನರನ್ನು ಕರೆದೊಯ್ಯುವ ವೇಳೆ ಅದೇ ಆದುದರಿಂದ. ತಲೆಯ ಮೇಲಿನ ಬಿಸಿಲಿನಲ್ಲಿ ಕಂಬಗಳ ಮುಖಗಳೆಲ್ಲ ಒಂದೇ ಬಣ್ಣವಾಗಿ ಕಲ್ಲು ಕಲ್ಲಿನ ರಾಶಿಯಾಗುತ್ತದೆ. ಆದಷ್ಟು ಮೊದಲ ದೋಣಿಯಲ್ಲಿ ಹೋಗಿ, ಪಕ್ಕದ ಬೆಳಕಿನಲ್ಲಿ ತೆಗೆದರೆ ಒಂದು ಮುಖ ಬೆಳಗಿ ಪಕ್ಕದ್ದು ನೆರಳಾಗಿ ಕಂಬದ ಮೂಲೆಗಳು ಎಣಿಸುವಂತೆ ಕಾಣುತ್ತವೆ. ಒಬ್ಬ ಮನುಷ್ಯನನ್ನೋ ಒಂದು ಏಡಿಯನ್ನೋ ಚೌಕಟ್ಟಿನೊಳಗೆ ಬಿಟ್ಟುಕೊಂಡರೆ ಅಳತೆಯೂ ತಿಳಿಯುತ್ತದೆ. ಬಂಡೆಯ ಬುಡದ ನೀರಿನಲ್ಲಿ ಹೊಳಪು ಹೆಚ್ಚಾಗಿ ಒಳಗಿನದು ಕಾಣದಿದ್ದರೆ ಧ್ರುವೀಕರಣದ ಗಾಜೊಂದನ್ನು ಮಸೂರದ ಮುಂದೆ ಹಾಕಿ ತಿರುಗಿಸಬೇಕು. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಪ್ರತಿಫಲಿಸಿದ ಬೆಳಕು ಪೂರ್ತಿಯಾಗಿ ಧ್ರುವೀಕೃತವಾಗಿರುವುದರಿಂದ ಗಾಜು ಅದನ್ನು ತಡೆದುಬಿಡುತ್ತದೆ. ಕೆಳಗಿನ ಪಾಚಿ, ಮರಳು, ಮೀನುಮರಿಗಳು ಕಣ್ಣಿಗೆ ಬೀಳುತ್ತವೆ. ಇದು ಭೌತಶಾಸ್ತ್ರದ ತರಗತಿಯಲ್ಲಿ ಬ್ರೂಸ್ಟರನ ಹೆಸರಿನಲ್ಲಿ ಕಂಠಪಾಠ ಮಾಡಿಸುವ ನಿಯಮ. ಕಡಲಿನ ಬದಿಯಲ್ಲಿ ಕಲಿತರೆ ಮರೆಯುವುದಿಲ್ಲ.

ತೆರೆಯನ್ನು ಹೇಗೆ ಹಿಡಿಯಬೇಕೆಂಬುದು ರುಚಿಗೆ ಬಿಟ್ಟದ್ದು. ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಕಾಲ ಕವಾಟ ತೆರೆದರೆ ಹನಿಹನಿಯೂ ಗಾಳಿಯಲ್ಲಿ ನಿಲ್ಲುತ್ತದೆ. ಅರ್ಧ ಸೆಕೆಂಡು ತೆರೆದರೆ ಹಿಂದಕ್ಕೆ ಹರಿಯುವ ನೊರೆ ಮರಳಿನ ಮೇಲೆ ಗೆರೆಗಳನ್ನೆಳೆಯುತ್ತದೆ. ಕಪ್ಪು ಗಾಜನ್ನಿಟ್ಟು ಅರ್ಧ ನಿಮಿಷ ತೆರೆದರೆ ಕಡಲೆಲ್ಲ ಮಂಜಾಗುತ್ತದೆ. ಈ ಮಂಜಿನ ಕಡಲು ಈಚೆಗೆ ಬಲು ಜನಪ್ರಿಯ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬುಡದಲ್ಲಿ ಅಪ್ಪಳಿಸುವ ನೀರನ್ನು ಹಾಲಿನ ಕೆನೆಯಂತೆ ತೋರಿಸುವ ಚಿತ್ರಗಳನ್ನು ನಾನು ಎಷ್ಟೋ ನೋಡಿದ್ದೇನೆ. ಚೆನ್ನಾಗಿರುತ್ತವೆ, ಆದರೆ ಆ ಕಡಲಿಗೆ ಸದ್ದಿಲ್ಲ.

ಸದ್ದಿಲ್ಲದ ನೀರನ್ನು ಕುರಿತು ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಇದು ಚಿತ್ರಕ್ಕಿಂತ ದೊಡ್ಡದು. ಚಿತ್ರಕಾರನ ಕಣ್ಣು ನೊರೆಯ ಸಾಲುಗಳ ನಡುವೆ ನಯವಾಗಿ, ಗಾಢವಾಗಿ, ತೆರೆಯೊಡೆಯದೆ ಇರುವ ಒಂದು ಓಣಿಯನ್ನು ಹುಡುಕುತ್ತದೆ, ನಿಲ್ಲುವುದಕ್ಕೂ ಅದೇ ಹಿತವೆಂದು ತೋರುತ್ತದೆ. ತೆರೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಮರಳಿ ಕಡಲಿಗೆ ಓಡುವ ದಾರಿ ಅದು. ಆಳ ಹೆಚ್ಚಿರುವುದರಿಂದಲೇ ಅಲ್ಲಿ ತೆರೆಯೊಡೆಯುವುದಿಲ್ಲ. ಅದರಲ್ಲಿ ಕಾಲಿಟ್ಟವನನ್ನು ನುರಿತ ಈಜುಗಾರನೂ ಹಿಂದಿಕ್ಕಲಾಗದ ವೇಗದಲ್ಲಿ ಸೆಳೆತ ಒಳಕ್ಕೊಯ್ಯುತ್ತದೆ. ಸಿಕ್ಕಿದವನು ದಡದ ಕಡೆಗೆ ಈಜಿ ಸೋಲದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬೀಳಬೇಕು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾಬಾಲಿಕೆಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಕೆರೆಯ ಸೀಮೆಯ ಮಕ್ಕಳು. ನೀರು ಹಿಂದಕ್ಕೆಳೆಯುತ್ತದೆಂಬುದನ್ನು ಅವರ ಊರಿನ ಯಾವ ನೀರೂ ಕಲಿಸಿರಲಾರದು. ಐಸ್‌ಲೆಂಡಿನ ರೇನಿಸ್‌ಫ್ಯಾರಾದಲ್ಲಿಯೂ ಕಂಬಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದವರನ್ನು ಇದ್ದಕ್ಕಿದ್ದಂತೆ ಬಂದ ದೊಡ್ಡ ತೆರೆ ಒಯ್ದಿರುವುದುಂಟು. ಕಡಲಿಗೆ ಬೆನ್ನು ಮಾಡಿ ನಿಲ್ಲಬೇಡಿರಿ. ಚಿತ್ರ ತೆಗೆಯುವವನು ಎದುರಿಗಿರುವವರಿಗಾಗಿ ನೀರನ್ನು ನೋಡುತ್ತಿರಬೇಕು. ಒಂದು ಸ್ಥಳವನ್ನು ಆರಿಸಿದ ಮೇಲೆ ಕ್ಯಾಮರಾವನ್ನು ತೆಗೆಯದೆ ಹತ್ತು ನಿಮಿಷ ಸುಮ್ಮನೆ ನೋಡಿರಿ. ನೋಡುತ್ತಿರುವಾಗ ಒದ್ದೆಯಾಗಿದ್ದ ಬಂಡೆಯ ಮೇಲೆ ನಿಲ್ಲತಕ್ಕದ್ದಲ್ಲ.

ಈಗ ಮರವಂತೆಗೆ ಬರೋಣ. ಕುಂದಾಪುರದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಒಂದು ಪಕ್ಕದಲ್ಲಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ. ಹೀಗೆ ರಸ್ತೆಯೊಂದು ಕಡಲಿಗೂ ಹೊಳೆಗೂ ನಡುವೆ ಗೆರೆಯಂತೆ ಹಾಯುವ ನೋಟ ಪ್ರಪಂಚದಲ್ಲಿ ಹೆಚ್ಚಿಲ್ಲ. ಮರವಂತೆಯ ಚಿತ್ರಗಳಲ್ಲಿ ಮರಳು, ತೆಂಗು, ನೀಲಿ ನೀರುಗಳು ಕಾಣುತ್ತವೆ. ಕಾಣದಿರುವುದು, ಅಥವಾ ಕಾಣದಂತೆ ಜಾಣತನದಿಂದ ಕತ್ತರಿಸಿರುವುದು, ರಸ್ತೆಯನ್ನು ಕಡಲು ನುಂಗದಿರಲೆಂದು ಸುರಿದಿರುವ ಹೆಬ್ಬಂಡೆಗಳ ಸಾಲು. ಮಳೆಗಾಲದ ತೆರೆ ಮರಳನ್ನು ಕಿತ್ತೊಯ್ಯುವುದೂ ಬೇಸಗೆಯ ಸಣ್ಣ ತೆರೆ ಅದನ್ನು ಮರಳಿ ತಂದಿಡುವುದೂ ಅನಾದಿಯ ಲೆಕ್ಕ. ಲೆಕ್ಕ ಸರಿಹೋಗದಿದ್ದ ಕಡೆ ತೀರ ಕರಗುತ್ತದೆ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು ಕಂಡುಕೊಂಡಂತೆ ಭಾರತದ ತೀರದಲ್ಲಿ ಮೂರರಲ್ಲೊಂದು ಪಾಲು ಕೊರೆತಕ್ಕೆ ಸಿಕ್ಕಿದೆ. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು. ಉಳ್ಳಾಲದಲ್ಲಿ ಮನೆಗಳನ್ನೂ ತೆಂಗಿನ ತೋಟಗಳನ್ನೂ ಕಳೆದುಕೊಂಡವರಿಗೆ ಈ ಅಂಕಿ ಬೇಕಾಗಿಲ್ಲ.

ಬಂಡೆಸಾಲನ್ನು ಬಿಟ್ಟು ಚಿತ್ರ ತೆಗೆಯುವುದು ತಪ್ಪೆ? ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಆ ಸ್ವಾತಂತ್ರ್ಯ ಇರಲಿ. ಆದರೆ ತೀರದ ಚಿತ್ರಕ್ಕೆ ತೆಗೆದವನು ಊಹಿಸದ ಇನ್ನೊಂದು ಆಯುಸ್ಸು ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಲಂಡನ್ ಬ್ರಿಜ್ ಎಂಬ ಕಲ್ಲಿನ ಕಮಾನಿನ ಒಂದು ಭಾಗ 1990ರ ಜನವರಿಯಲ್ಲಿ ಕುಸಿಯಿತು. ಅದೇ ತೀರದ ಟ್ವೆಲ್ವ್ ಅಪೋಸಲ್ಸ್ ಎಂಬ ಬಂಡೆಗಂಬಗಳಲ್ಲೊಂದು 2005ರ ಜುಲೈಯಲ್ಲಿ ಬಿತ್ತು. ಮಾಲ್ಟಾದ ಅಜೂರ್ ವಿಂಡೋ ಎಂಬ ಸುಪ್ರಸಿದ್ಧವಾದ ಕಲ್ಲುಗವಾಕ್ಷಿ 2017ರ ಮಾರ್ಚಿಯಲ್ಲಿ ಒಂದೇ ಬಿರುಗಾಳಿಗೆ ಹೇಳಹೆಸರಿಲ್ಲದಂತಾಯಿತು. ಪ್ರವಾಸಿಗಳು ವಿನೋದಕ್ಕೆಂದು ತೆಗೆದಿದ್ದ ಚಿತ್ರಗಳಲ್ಲಿಯೇ ಅವು ಈಗ ಉಳಿದಿರುವುದು. ಇದನ್ನರಿತು 2017ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಕೋಸ್ಟ್‌ಸ್ನ್ಯಾಪ್ ಎಂಬ ಏರ್ಪಾಡನ್ನು ಆರಂಭಿಸಿದರು. ತೀರವನ್ನು ನೋಡುವ ಒಂದೆಡೆ ಕಬ್ಬಿಣದ ಪೀಠವೊಂದನ್ನು ನೆಟ್ಟಿರುತ್ತಾರೆ. ದಾರಿಹೋಕನು ತನ್ನ ಮೊಬೈಲನ್ನು ಅದರಲ್ಲಿಟ್ಟು ಒಂದು ಚಿತ್ರ ತೆಗೆದು ಕಳುಹಿಸುತ್ತಾನೆ. ಎಲ್ಲರ ಚಿತ್ರವೂ ಒಂದೇ ಕೋನದಿಂದ ಬರುವುದರಿಂದ ಮರಳು ಎಷ್ಟು ಹೋಯಿತು, ಎಷ್ಟು ಬಂದಿತು ಎಂಬುದನ್ನು ಅಳೆಯಬಹುದು.

ಪೀಠವಿಲ್ಲದೆಯೂ ಈ ಕೆಲಸವನ್ನು ನಾವು ಮಾಡಬಹುದು. ಕದಲದ ಒಂದು ನೆಲೆ ಬೇಕು: ಸೇತುವೆಯ ಕಟಕಟೆ, ಗುಡಿಯ ಮೆಟ್ಟಿಲು, ಸೋಮೇಶ್ವರದ ಬಂಡೆ, ಕಾಸರಗೋಡಿನ ಕಡೆಯವರಿಗಾದರೆ ಕೆಳದಿಯ ನಾಯಕರ ಕಾಲದ ಬೇಕಲಕೋಟೆಯ ಬುರುಜು. ಚೌಕಟ್ಟಿನೊಳಗೆ ಬದಲಾಗದ ಒಂದು ಗುರುತೂ ಇರಬೇಕು. ಆಗಸ್ಟಿನ ಚಿತ್ರವನ್ನು ಫೆಬ್ರವರಿಯದರೊಡನೆ ಹೋಲಿಸಿದರೆ ಮಳೆಗಾಲದ ಕೊರೆತವೇ ಕಂಡು ದಿಗಿಲಾಗುವುದರಿಂದ, ಪ್ರತಿವರ್ಷವೂ ಅದೇ ತಿಂಗಳು, ಸಾಧ್ಯವಾದರೆ ಅದೇ ತಿಥಿ, ಇಳಿತದ ಅದೇ ಹಂತ ಇರತಕ್ಕದ್ದು. ವರ್ಷಕ್ಕೊಮ್ಮೆ ಘಟ್ಟವಿಳಿದು ಹೋಗುವ ನಮ್ಮವರು ಹೆಚ್ಚಾಗಿ ಒಂದೇ ರಜೆಯಲ್ಲಿ, ಒಂದೇ ತೀರಕ್ಕೆ ಹೋಗುವುದರಿಂದ ಈ ಕೆಲಸ ಅವರಿಗೆ ಕಷ್ಟವಾಗಲಾರದು. ದಿಗಂತದ ಗೆರೆ ಓರೆಯಾಗದಂತೆ ನೋಡಿಕೊಳ್ಳಬೇಕು. ಸ್ಥಳ, ದಿನಾಂಕ, ಗಂಟೆ, ಭರತವೇರುತ್ತಿತ್ತೋ ಇಳಿಯುತ್ತಿತ್ತೋ ಎಂಬ ನಾಲ್ಕು ವಿವರಗಳನ್ನು ಅಂದೇ ಬರೆದಿಡಬೇಕು. ಬಿಡಾರಕ್ಕೆ ಬಂದೊಡನೆ ಮಸೂರದ ಹೊರಗಾಜನ್ನು ಒಣಬಟ್ಟೆಯಲ್ಲಿ ಉಜ್ಜಬಾರದು, ಉಪ್ಪು ಗೀರುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೊದಲು ಒರಸಿ, ಆಮೇಲೆ ಒಣಗಿಸಬೇಕು.